ಸರ್ಪದ ಘ್ರಾಣ, ಮನುಷ್ಯನ ಆರೋಪ

ರಜ್ಜುಸರ್ಪದ ದೃಷ್ಟಾಂತದಲ್ಲಿ ಭ್ರಾಂತಿಗೊಳಗಾಗುವವನು ಮನುಷ್ಯನು. ಮಬ್ಬುಗತ್ತಲಲ್ಲಿ ಬಿದ್ದ ಹಗ್ಗವನ್ನು ಹಾವೆಂದು ಬಗೆದು ನಡುಗುವವನು ಅವನೇ. ಆದರೆ ಭ್ರಾಂತಿಯು ಹಾವಿಗೇ ಉಂಟಾದ ಪಕ್ಷದಲ್ಲಿ, ಅದರ ಕೃತ್ಯದಲ್ಲಿ ಪಾಪವನ್ನೆಣಿಸುವುದು ನ್ಯಾಯವೆ? ಪರದೇಶಗಳಲ್ಲಿ ಹೆಬ್ಬಾವಿನ ಜಾತಿಯ ಹಾವುಗಳನ್ನು ಸಾಕುವ ಅನುಭವಸ್ಥರು ಇಲಿಯನ್ನೋ ಕೋಳಿಮರಿಯನ್ನೋ ಮುಟ್ಟಿದ ಕೈಯನ್ನು ತೊಳೆಯದೆ ಹಾವಿನ ಬಳಿಗೆ ಚಾಚುವುದಿಲ್ಲ. ಚಾಚಿದರೆ, ದಿನವೂ ಅದೇ ಕೈಯನ್ನು ಶಾಂತವಾಗಿ ಸುತ್ತಿಕೊಳ್ಳುತ್ತಿದ್ದ ಹಾವು ಅದನ್ನು ಆಹಾರವೆಂದು ಬಗೆದು ಕಚ್ಚುವುದುಂಟು. ಇದು ಕೃತಘ್ನತೆಯಲ್ಲ. ಗಂಧವು ಇಲಿಯದೇ ಹೌದು, ಪ್ರತ್ಯಕ್ಷದಲ್ಲಿ ಲೋಪವಿಲ್ಲ; ಗಂಧವಿರುವಲ್ಲಿ ಇಲಿಯಿರಬೇಕೆಂಬ ಅನುಮಾನವು ಮಾತ್ರ ತಪ್ಪಿತು.

ನ್ಯಾಯವೈಶೇಷಿಕರು ಗಂಧವನ್ನು ಪೃಥಿವಿಯ ವಿಶೇಷಗುಣವೆಂದೂ ಘ್ರಾಣೇಂದ್ರಿಯವನ್ನು ಪಾರ್ಥಿವವೆಂದೂ ಹೇಳಿದರು. ನೆಲಕ್ಕೆ ಎದೆಯೊಡ್ಡಿ ಸಂಚರಿಸುವ ಈ ಜೀವಿಯಲ್ಲಿ ಆ ಮಾತು ಎಷ್ಟು ಸಾರ್ಥಕವಾಗಿದೆ! ಬಾಯಿ ತೆರೆಯದೆಯೇ ಮೇಲ್ದುಟಿಯ ಕಿರುಸಂದಿಯಿಂದ ನಾಲಗೆ ಹೊರಬಂದು, ಅದರ ಎರಡು ತುದಿಗಳೂ ಅಗಲಿ, ಗಾಳಿಯನ್ನೂ ಮಣ್ಣನ್ನೂ ಸವರಿ ಒಳಸೇರುವುವು. ಅವು ತಂದ ಕಣಗಳು ಅಂಗುಳಿನ ಜೇಕಬ್‌ಸನ್ ಅಂಗವನ್ನು ಮುಟ್ಟಿದಾಗ, ಎಡಬಲಗಳಲ್ಲಿ ಗಂಧವು ಎತ್ತ ದಟ್ಟವೋ ಹಾವು ಅತ್ತ ತಿರುಗುವುದು.

ಕೊಡಗಿನಲ್ಲಿ ಹಾವನ್ನು ಸಾಕುವ ರೂಢಿಯಿಲ್ಲ; ನಾಗರ, ಕಾಳಿಂಗಗಳನ್ನು ಹಿಡಿದಿಡಲು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಬಿಡದು. ಆದರೂ ಕಾಫಿತೋಟದ ನೆರಳಿನಲ್ಲಿ, ದೇವರಕಾಡಿನ ಅಂಚಿನಲ್ಲಿ ಜನರು ಹಾವುಗಳೊಡನೆಯೇ ಬಾಳುತ್ತಿರುವರು. ಭತ್ತದ ಇಲಿಗಳ ಹಿಂದೆ ಕೇರೆ, ಕೇರೆಯ ವಾಸನೆಯ ಜಾಡು ಹಿಡಿದು ಕಾಳಿಂಗ, ಬೇಸಿಗೆಯಲ್ಲಿ ಹೆಣ್ಣಿನ ಗಂಧವನ್ನರಸಿ ಗಂಡು—ಹೀಗೆ ಸೌದೆಕೊಟ್ಟಿಗೆಗೆ ಬಂದು ಸೇರಿದ ಸರ್ಪವನ್ನು ಕಂಡು, ನಾಗನು ಮುನಿದನೆಂದು, ಹಿರಿಯರ ಕಾಲದ ದೋಷವೆಂದು ಮನೆಮಂದಿಯೆಲ್ಲ ತಲ್ಲಣಿಸುವರು. ಕೊಂದ ಹಾವಿನ ಜೊತೆಯದು ಸೇಡಿಗೆ ಬರುವುದೆಂಬ ನಂಬಿಕೆಯೂ ಬಲವಾಗಿದೆ. ಹೆಣ್ಣುಹಾವು ಸತ್ತ ಎಡೆಯಲ್ಲಿ ಅದರ ಗಂಧ ಉಳಿದು, ಗಂಡೊಂದು ಅಲ್ಲಿ ಸುಳಿದರೆ, ಅದು ಅರಸುವುದು ಸಂಗಾತಿಯನ್ನು, ಕೊಂದವನನ್ನಲ್ಲ. ದ್ವೇಷಕ್ಕೆ ಸಂಕಲ್ಪವು ಬೇಕು. ನಮ್ಮೊಳಗಿನ ವೈರವನ್ನೂ ಅಪರಾಧಭಯವನ್ನೂ ಆ ಮೂಕಪ್ರಾಣಿಯಲ್ಲಿ ಆರೋಪಿಸಿ ಹೊಡೆಯಲು ದೊಣ್ಣೆಯೆತ್ತುವುದು ರಜ್ಜುಸರ್ಪಕ್ಕಿಂತಲೂ ಘೋರವಾದ ಅಧ್ಯಾಸವೆಂದು ನನಗೆ ತೋರುತ್ತದೆ.

ಹಾಗೆಂದು ನಾಗಾರಾಧನೆಯು ನಿರರ್ಥಕವೆಂದು ನಾನು ಬಗೆಯೆನು. ನಾಗಬನಕ್ಕೆ ಕೊಡಲಿ ತಾಕಿಸಬಾರದೆಂಬ ಸಂಯಮವು ಭಯದಿಂದಲೇ ಹುಟ್ಟಿರಬಹುದಾದರೂ, ಕಾಳಿಂಗನ ಹೆಣ್ಣು ತರಗೆಲೆಗಳನ್ನು ರಾಶಿಮಾಡಿ, ಗೂಡುಕಟ್ಟಿ ಮೊಟ್ಟೆಗಳನ್ನು ಕಾಯಲು ಅಂತಹ ನೆಲ ಬೇಕೇ ಬೇಕು. ಬನದಲ್ಲಿ ನಾಗನಿಗೆ ಹಾಲಿನ ತನು ಎರೆದು ಬಂದವರು ಅಟ್ಟದ ಭತ್ತವನ್ನು ಇಲಿ ಹೊಗದಂತೆ ಭದ್ರಪಡಿಸಿ, ಸೌದೆಯನ್ನು ಗೋಡೆಯಿಂದ ದೂರ ಒಟ್ಟಿದರೆ, ಅದೂ ನಾಗನ ಸೇವೆಯೇ.