ತಿಳಿದವನ ಮೌನ

ಮೊನ್ನೆ ರಾಣೆಬೆನ್ನೂರಿನಿಂದ ಹಾವೇರಿಗೆ ಬರುವಾಗ ನನ್ನ ಹಳೆಯ ವಿದ್ಯಾರ್ಥಿಯೊಬ್ಬನು ಬಸ್ಸಿನಲ್ಲಿ ಜೊತೆಯಾದನು. ಷೇರುಪೇಟೆಯ ಕೆಲಸಕ್ಕಾಗಿ ಅರ್ಹತಾ ಪರೀಕ್ಷೆಗೆ ಓದುತ್ತಿದ್ದಾನಂತೆ. “ಪೇಟೆಯಾಗ ದುಡಿಯಾಕ ಮುಖ್ಯ ಏನು ಬೇಕ್ರಿ ಸರ?” ಎಂದನು.

ನನಗೆ ಸಿಸೆರೋ ನೆನಪಾದನು. ಕ್ರಿ. ಪೂ. 44ರಲ್ಲಿ ಕರ್ತವ್ಯಗಳನ್ನು ಕುರಿತು ಬರೆಯುತ್ತ ಅವನೊಂದು ಪ್ರಶ್ನೆ ಎತ್ತಿದ್ದಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ವರ್ತಕನೊಬ್ಬನು ಧಾನ್ಯ ತಂದಿದ್ದಾನೆ. ಹಿಂದೆ ಇನ್ನೂ ಹಡಗುಗಳು ಬರುತ್ತಿರುವುದನ್ನು ಅವನೊಬ್ಬನೇ ಬಲ್ಲನು. ಹೇಳಿದರೆ ದರ ಇಳಿಯುತ್ತದೆ. ಸುಮ್ಮನಿದ್ದರೆ ಅದು ಸುಳ್ಳೆ? ಮುಚ್ಚಿಡಬಾರದು ಎಂಬುದು ಸಿಸೆರೋವಿನ ತೀರ್ಪು.

ಬ್ಯಾಡಗಿಯ ದಲಾಲನ ಹೊಣೆ ಇನ್ನೂ ದೊಡ್ಡದು. ಅವನು ಮಾರುವುದು ತನ್ನ ಮಾಲನ್ನಲ್ಲ, ನಂಬಿ ಬಂದ ರೈತನ ಮೆಣಸಿನಕಾಯಿಯನ್ನು. ಶೀತಗೃಹಗಳಲ್ಲಿ ಮಾಲು ಎಷ್ಟು ಕೂತಿದೆಯೆಂಬ ಅಂದಾಜು ಅವನಿಗುಂಟು, ರೈತನಿಗಿಲ್ಲ. 2024ರ ಮಾರ್ಚ್ 11ರಂದು ದರ ಕುಸಿದಾಗ ಅಲ್ಲಿ ವಾಹನಗಳು ಉರಿದವು. ಆ ಬೆಂಕಿಯನ್ನು ಒಪ್ಪಲಾರೆ. ಆದರೆ ಕಾರಣ ತಿಳಿಯದವನಿಗೆ ಪ್ರತಿ ಇಳಿತವೂ ಮೋಸವೆನಿಸುತ್ತದೆ.

ಹಾಗೆಂದು ದಲಾಲನನ್ನಷ್ಟೇ ದೂರಲೆ? ತೂಕ ಹೆಚ್ಚಲೆಂದು ನಮ್ಮ ತಂದೆಯವರು ಮೆಣಸಿನಕಾಯಿಗೆ ನೀರು ಚಿಮುಕಿಸುತ್ತಿದ್ದರು. ನಾನು ನೋಡಿಯೂ ಸುಮ್ಮನಿದ್ದೆ. ಆ ಹಣದಿಂದಲೇ ಎಂ.ಎ. ಓದಿದೆ.

ಇದನ್ನೆಲ್ಲ ಹುಡುಗನಿಗೆ ಹೇಳಿ, “ಗೊತ್ತಿದ್ದದ್ದು ಹೇಳಿಯೂ ಮಾರಾಕ ಬರಬೇಕಪ್ಪ, ಅದೇ ಅರ್ಹತೆ” ಎಂದೆ.

“ಹಂಗಾದ್ರ ಲಾಭ ಕಡಿಮಿ ಆಗತೈತಲ್ರಿ ಸರ?”

“ಆಗತೈತಿ” ಎಂದೆ.

ಪರೀಕ್ಷೆಯಲ್ಲಿ ಈ ಪ್ರಶ್ನೆ ಒಂದು ಸಲ ಬಂದೀತು. ಪೇಟೆಯಲ್ಲಿ ದಿನವೂ ಬರುತ್ತದೆ.