ಸೀಟು ಸಿಗದಾಗ ಕೇಳುವುದು ತಪ್ಪೇ?



ಎಸ್‌ಎಸ್‌ಎಲ್‌ಸಿ, ಪಿಯುಸಿ ಫಲಿತಾಂಶ ಬಂದಿತೆಂದರೆ ಪುತ್ತೂರು, ಸುಳ್ಯ, ಕಡಬ ಕಡೆಯ ಗುರುಗಳ ಮನೆಗಳಿಗೆ ಬರುವವರ ಸಂಖ್ಯೆ ಹೆಚ್ಚುತ್ತದೆ. ಕೈಯಲ್ಲಿ ಅಂಕಪಟ್ಟಿಯ ಜೆರಾಕ್ಸ್, ಮುಖದಲ್ಲಿ ಸಂಕೋಚ. "ಫಾದರ್, ಮಗಳ ಹೆಸರು ಪಟ್ಟಿಯಲ್ಲಿಲ್ಲ. ಪ್ರಿನ್ಸಿಪಾಲರಿಗೆ ನೀವೊಂದು ಪತ್ರ ಕೊಟ್ಟರೆ..." ಹೀಗೆ ಕೇಳುವವರು ಕೆಟ್ಟವರಲ್ಲ. ಪುತ್ತೂರಿನಲ್ಲಿ ಸಂತ ಫಿಲೋಮಿನಾ ಕಾಲೇಜು ಆರಂಭವಾದದ್ದು 1958ರಲ್ಲಿ. ಅದಕ್ಕೆ ಮೊದಲು ಕಾಲೇಜೆಂದರೆ ಹೆಚ್ಚಿನವರಿಗೆ ಮಂಗಳೂರೇ, ಅಷ್ಟು ದೂರ ಮಕ್ಕಳನ್ನು ಕಳುಹಿಸಲು ಎಷ್ಟು ಮನೆಗಳಿಗೆ ಸಾಧ್ಯವಿತ್ತು? ಅಜ್ಜನಿಗೆ ದಕ್ಕದ ವಿದ್ಯೆ ಮೊಮ್ಮಗಳಿಗಾದರೂ ದಕ್ಕಲಿ ಎಂಬ ಆಸೆಯನ್ನು ತಪ್ಪೆನ್ನಲಾಗದು.

ಆದರೆ ಕೇಳುವುದರಲ್ಲಿ ಬಗೆಗಳಿವೆ. ಅವೆಲ್ಲ ಒಂದೇ ಎಂದು ತಿಳಿದಲ್ಲಿಂದಲೇ ಗೊಂದಲ ಶುರುವಾಗುತ್ತದೆ.

ಅಂಕ ಕಡಿಮೆ ಬಂದಿದೆ ಎಂದು ಸಂಶಯವಿದ್ದರೆ ಉತ್ತರ ಪತ್ರಿಕೆಯ ಪ್ರತಿ ತರಿಸಿ ಮರುಎಣಿಕೆಗೋ ಮರುಮೌಲ್ಯಮಾಪನಕ್ಕೋ ಅರ್ಜಿ ಹಾಕಬಹುದು. ಇದು ಹಕ್ಕು. "ದೇವರ ಚಿತ್ತ" ಎಂದು ಸುಮ್ಮನೆ ಕುಳಿತುಕೊಳ್ಳುವುದನ್ನು ನಾನು ಭಕ್ತಿಯೆಂದು ಕರೆಯಲಾರೆ. ಕೂಡುವಾಗ ಆದ ತಪ್ಪು ದೇವರದ್ದಲ್ಲ, ಕೂಡಿದವರದ್ದು.

ಇನ್ನು ಕೆಲವೊಮ್ಮೆ ನಿಯಮವೇ ಅನ್ಯಾಯವೆನಿಸುತ್ತದೆ. 2022ರ ಸಿಇಟಿ ಪ್ರಕರಣ ನಿಮಗೆ ನೆನಪಿರಬಹುದು. 2021ರಲ್ಲಿ ಕೊರೊನಾದಿಂದಾಗಿ ಪಿಯುಸಿ ಪರೀಕ್ಷೆ ನಡೆಯಲಿಲ್ಲ, ಹಿಂದಿನ ತರಗತಿಗಳ ಆಧಾರದಲ್ಲಿ ಅಂಕ ಕೊಡಲಾಯಿತು. ಅವರಲ್ಲಿ ಸುಮಾರು 24 ಸಾವಿರ ಮಂದಿ ಮರುವರ್ಷ ಮತ್ತೆ ಸಿಇಟಿ ಬರೆದರು. ಹೊಸಬರಿಗೆ ಪಿಯುಸಿ ಮತ್ತು ಸಿಇಟಿ ಅಂಕಗಳನ್ನು ಅರ್ಧರ್ಧ ಪರಿಗಣಿಸಿದ ಪರೀಕ್ಷಾ ಪ್ರಾಧಿಕಾರ, ಇವರ ಪಿಯುಸಿ ಅಂಕಗಳನ್ನು ಬಿಟ್ಟುಬಿಟ್ಟಿತು. ರ‍್ಯಾಂಕ್ ಕುಸಿಯಿತು. ವಿದ್ಯಾರ್ಥಿಗಳು ಹೈಕೋರ್ಟಿಗೆ ಹೋದರು, ಸೆಪ್ಟೆಂಬರಿನಲ್ಲಿ ಏಕಸದಸ್ಯ ಪೀಠ ಅವರ ಪರವಾಗಿ ತೀರ್ಪಿತ್ತಿತು. ಆಗ ಇನ್ನೊಂದು ಕಡೆಯ ಅಳಲು ಎದ್ದಿತು: ಪರೀಕ್ಷೆ ಬರೆಯದೆ ಬಂದ ಅಂಕಗಳಿಂದ, ಬರೆದವರು ಹಿಂದೆ ಬೀಳಬೇಕೇ? ಸರಕಾರ ಮೇಲ್ಮನವಿ ಹೋಯಿತು. ಕೊನೆಗೆ ಅವರ ಪಿಯುಸಿ ಅಂಕಗಳಲ್ಲಿ ವಿಷಯಕ್ಕೆ ಸರಾಸರಿ 6ರಂತೆ ಕಳೆದು ಉಳಿದದ್ದನ್ನು ಸೇರಿಸುವ ಸೂತ್ರವನ್ನು ವಿಭಾಗೀಯ ಪೀಠ ಒಪ್ಪಿತು, ರ‍್ಯಾಂಕ್ ಪಟ್ಟಿ ಮತ್ತೆ ತಯಾರಾಯಿತು. ಯಾರಿಗೂ ಪೂರ್ತಿ ಸಮಾಧಾನವಾಗಿರಲಿಕ್ಕಿಲ್ಲ. ಆದರೆ ಎಲ್ಲವೂ ಬೆಳಕಿನಲ್ಲಿ ನಡೆಯಿತು. ಕೇಳಿದವರು ತಮ್ಮೊಬ್ಬರಿಗಾಗಿ ಕೇಳಲಿಲ್ಲ, ತಮ್ಮಂತಿದ್ದ ಎಲ್ಲರಿಗಾಗಿ ಕೇಳಿದರು. ಎದುರಿನವರ ಮಾತಿಗೂ ಅಲ್ಲಿ ಜಾಗ ಸಿಕ್ಕಿತು.

ಶಿಫಾರಸು ಪತ್ರದಲ್ಲಿ ಆ ಎದುರಿನವರೇ ಇರುವುದಿಲ್ಲ. ಜೆಬೆದಾಯನ ಹೆಂಡತಿ ತನ್ನ ಇಬ್ಬರು ಮಕ್ಕಳಿಗೆ ಬಲಗಡೆ ಎಡಗಡೆ ಆಸನ ಕೇಳಲು ಯೇಸುವಿನ ಬಳಿ ಬಂದಳಲ್ಲ, ಉಳಿದ ಹತ್ತು ಮಂದಿಗೆ ಸಿಟ್ಟು ಬಂದದ್ದು ಸುಮ್ಮನೆಯೇ? ಆ ತಾಯಿಯನ್ನು ಯೇಸು ಗದರಿಸಲಿಲ್ಲ. ಆಸನವನ್ನೂ ಕೊಡಲಿಲ್ಲ. ಸಂತ ತೋಮಸ್ ಅಕ್ವಿನಾಸರು ಇದಕ್ಕೆ ಉಪಾಧ್ಯಾಯ ಹುದ್ದೆಯ ಉದಾಹರಣೆ ಕೊಡುತ್ತಾರೆ. ಒಬ್ಬನಿಗೆ ವಿದ್ಯೆಯಿದೆಯೆಂದು ಹುದ್ದೆ ಕೊಟ್ಟರೆ ನ್ಯಾಯ. ಅವನು ಇಂಥವನೆಂದು ಕೊಟ್ಟರೆ ಅದು ಪಕ್ಷಪಾತ, ಹಂಚುವ ನ್ಯಾಯಕ್ಕೆ ವಿರುದ್ಧವಾದ ಪಾಪ. "ನಮ್ಮದೇ ಸಂಸ್ಥೆಯಲ್ಲವೇ ಫಾದರ್?" ಎನ್ನುತ್ತೀರಿ. ಸಂವಿಧಾನದ 30ನೇ ವಿಧಿ ಅಲ್ಪಸಂಖ್ಯಾತರಿಗೆ ಸಂಸ್ಥೆ ನಡೆಸುವ ಹಕ್ಕು ಕೊಟ್ಟಿದೆ, ನಿಜ. ನಮ್ಮ ಮಕ್ಕಳಿಗೆಂದು ಪ್ರಕಟಿಸಿದ ಸೀಟುಗಳನ್ನು ಕೇಳಿರಿ. ಆದರೆ ಆ ಸೀಟುಗಳೊಳಗೆ ಪತ್ರ ಹಿಡಿದು ಮುಂದೆ ಹೋದಾಗ ಹಿಂದೆ ಬೀಳುವವಳು ಬೇರೆ ಯಾರೂ ಅಲ್ಲ, ಪಕ್ಕದ ವಾಳೆಯ ರಬ್ಬರ್ ಟ್ಯಾಪಿಂಗ್ ಮಾಡುವವರ ಮಗಳು. ಆಕೆಯ ಅಪ್ಪನಿಗೆ ಗುರುಗಳ ಮನೆಯ ಮೆಟ್ಟಿಲು ಹತ್ತಲು ಧೈರ್ಯವಿರುವುದಿಲ್ಲ.

ಹಾಗಾದರೆ ಕರುಣೆಗೆ ಜಾಗವಿಲ್ಲವೇ? ಇದೆ. ಪರೀಕ್ಷೆಯ ವಾರದಲ್ಲೇ ತಂದೆ ಆಸ್ಪತ್ರೆ ಸೇರಿದ್ದರೆ ಅಂಕ ಎಲ್ಲವನ್ನೂ ಹೇಳುವುದಿಲ್ಲ. ನಿಯಮ ಎಲ್ಲರಿಗಾಗಿ ಬರೆದದ್ದಾದ್ದರಿಂದ ಕೆಲವು ಸಂದರ್ಭಗಳಲ್ಲಿ ಅದು ಸೋಲುತ್ತದೆ, ಅಲ್ಲಿ ಅದನ್ನು ತಿದ್ದಬೇಕಾಗುತ್ತದೆ ಎಂದು ಅರಿಸ್ಟಾಟಲ್ ಹಿಂದೆಯೇ ಹೇಳಿದ್ದಾನೆ. ಅಂಥ ಸಂಗತಿಯಿದ್ದರೆ ಆಸ್ಪತ್ರೆಯ ದಾಖಲೆ ಲಗತ್ತಿಸಿ, ನೀವೇ ಪ್ರಿನ್ಸಿಪಾಲರಿಗೆ ಬರೆಯಿರಿ. ವಿಷಯ ನಿಜವೆಂದು ಗುರುಗಳು ದೃಢೀಕರಿಸಲಿ, ಅದು ಶಿಫಾರಸಲ್ಲ, ಸಾಕ್ಷಿ. ಅದೇ ಕಷ್ಟದಲ್ಲಿರುವ ಬೇರೆ ಮಗುವಿಗೂ ಇದನ್ನೇ ಮಾಡಿರಿ ಎಂದು ಆ ಪತ್ರದಲ್ಲಿ ಧೈರ್ಯವಾಗಿ ಸೇರಿಸಲು ಸಾಧ್ಯವೇ ಎಂದು ನೋಡಿಕೊಳ್ಳಿರಿ. ಕೈ ತಡೆದರೆ, ನೀವು ಕೇಳುತ್ತಿರುವುದು ಕರುಣೆಯಲ್ಲ.

ಕಾಯುವ ಪಟ್ಟಿಯಲ್ಲಿ ಹೆಸರಿರುವವರ ವಿಷಯ ಬೇರೆ. ಅವರು ನಿಮ್ಮ ಪತ್ರಕ್ಕಿಂತ ಹೆಚ್ಚಾಗಿ ಇನ್ನೊಂದು ಮನೆಯವರ ತೀರ್ಮಾನಕ್ಕಾಗಿ ಕಾಯುತ್ತಿರುತ್ತಾರೆ. ಎರಡು ಕಡೆ ಫೀಸು ಕಟ್ಟಿ, "ನೋಡೋಣ" ಎಂದು ಎರಡು ಸೀಟನ್ನೂ ಹಿಡಿದಿಟ್ಟುಕೊಂಡ ಮನೆಗಳು ನಮ್ಮಲ್ಲೂ ಇವೆ. ನಿಮ್ಮ ಮಗ ಎಲ್ಲಿ ಓದುವನೆಂದು ನಿಶ್ಚಯವಾಗಿದ್ದರೆ, ಇನ್ನೊಂದು ಕಾಲೇಜಿನ ಕಚೇರಿಗೆ ನಾಳೆಯೇ ತಿಳಿಸಿಬಿಡಿ. ಕಟ್ಟಿದ ಹಣ ಪೂರ್ತಿ ವಾಪಸು ಬಾರದಿದ್ದರೂ ತಿಳಿಸಿಬಿಡಿ.