ಎರಡನೆಯ ಸಹಿ

ಮುಂಬಯಿಯಲ್ಲಿ ನೆಲೆಸಿದ ನಮ್ಮವರಿಗೆ ಊರಿಗೆ ಹೋಗುವುದೆಂದರೆ ಒಂದು ಕಾಲಕ್ಕೆ ಘಟ್ಟದ ದಾರಿಯ ಬಸ್ಸಿನಲ್ಲಿ ಒಂದಿಡೀ ಹಗಲು, ಒಂದಿಡೀ ರಾತ್ರಿ ಮೈ ನುಗ್ಗಾಗಿಸಿಕೊಳ್ಳುವುದೆಂದೇ ಅರ್ಥ. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ಆ ಪಾಡು ತಪ್ಪಿತು. ಈಗ ವಿಮಾನವೂ ಮಧ್ಯಮ ವರ್ಗದ ಕೈಗೆ ಎಟುಕಿದೆ. ಬೆಳಿಗ್ಗೆ ಸಾಂತಾಕ್ರೂಜಿನಲ್ಲಿ ಹತ್ತಿ, ಮಧ್ಯಾಹ್ನ ಮಂಗಳೂರಿನ ಕಡೆಯ ಒಂದು ಮದುವೆಮನೆಯಲ್ಲಿ ಎಲೆಯ ಮುಂದೆ ಕೂರುವವರು ನಮ್ಮಲ್ಲಿ ಬೇಕಾದಷ್ಟು ಮಂದಿ. ಹತ್ತುವಾಗ ನಾವು ಪೈಲಟನ ಮೇಲೆ ಭಾರ ಹಾಕುತ್ತೇವೆ, ದೇವರ ಮೇಲೆ ಹಾಕುತ್ತೇವೆ. ಇವರಿಬ್ಬರ ನಡುವೆ ಮೂರನೆಯವನೊಬ್ಬನಿದ್ದಾನೆ. ಹಿಂದಿನ ರಾತ್ರಿ ಹ್ಯಾಂಗರಿನಲ್ಲಿ ಟಾರ್ಚು ಹಿಡಿದು ರೆಕ್ಕೆಯ ಅಡಿಗೆ ಬಗ್ಗಿ ನೋಡಿ, ಕಾಗದದ ಮೇಲೆ ಸಹಿ ಹಾಕಿ ಮನೆಗೆ ಹೋದವನು. ಅವನ ಮುಖ ನಾವು ಕಂಡಿಲ್ಲ, ಕಾಣುವುದೂ ಇಲ್ಲ. ಆ ಸಹಿಯ ಅರ್ಥವೇನು ಎಂಬುದೇ ಇಲ್ಲಿ ನಮ್ಮ ಪ್ರಶ್ನೆ.

ಈ ನಗರಕ್ಕೆ ಅದು ಬರಿಯ ತರ್ಕದ ಪ್ರಶ್ನೆಯಲ್ಲ. 1976ರ ಅಕ್ಟೋಬರ್ 12ರಂದು ನಡುರಾತ್ರಿ ಕಳೆದ ಮೇಲೆ ಸಾಂತಾಕ್ರೂಜಿನಿಂದ ಮದ್ರಾಸಿಗೆ ಹೊರಟ ಇಂಡಿಯನ್ ಏರ್‌ಲೈನ್ಸಿನ ಕ್ಯಾರವೆಲ್ ವಿಮಾನ ಎಂಜಿನು ಕೆಟ್ಟು ಹಿಂದಿರುಗುವಾಗ ಬಿದ್ದು, ಒಳಗಿದ್ದ 95 ಮಂದಿಯೂ ತೀರಿಕೊಂಡರು. ಎಂಜಿನಿನೊಳಗೆ ತಿರುಗುವ ಒಂದು ತಟ್ಟೆಯಲ್ಲಿ ಲೋಹ ದಣಿದು ಬಿರುಕು ಬಿಟ್ಟಿತ್ತು. ತಟ್ಟೆ ಸಿಡಿದು ಇಂಧನದ ಕೊಳವೆ ಕತ್ತರಿಸಿತು, ಬೆಂಕಿ ಹೊತ್ತಿತು. ಕೊನೆಗೆ ವಿಮಾನವನ್ನು ಕೆಡವಿದ್ದು ಮಾತ್ರ ಎಂಜಿನಿಲ್ಲದಿರುವುದಲ್ಲ. ಹೊರಳಿಸುವ, ಏರಿಸುವ, ಇಳಿಸುವ ಅಂಗಗಳಿಗೆ ಬಲ ಕೊಡುತ್ತಿದ್ದ ಹೈಡ್ರಾಲಿಕ್ ದ್ರವ ಆ ಬೆಂಕಿಯಲ್ಲಿ ಮುಗಿದುಹೋಗಿ, ಪೈಲಟನ ಕೈಗೆ ವಿಮಾನ ಕೇಳದೆ ಹೋಯಿತು. ಒಂದು ಎಂಜಿನು ಹೋದರೂ ಹಾರಬಹುದು. ನಿಯಂತ್ರಣ ಹೋದರೆ ಹಾರುವುದೆಂಬ ಮಾತೇ ಇಲ್ಲ. (1978ರ ಹೊಸವರ್ಷದ ದಿನ ಬಾಂದ್ರಾದ ಕಡಲಿಗೆ ಬಿದ್ದ 'ಎಂಪರರ್ ಅಶೋಕ'ವನ್ನು ಹಿರಿಯ ಓದುಗರು ನೆನೆಯಬಹುದು. ಅಲ್ಲಿ 213 ಜನ ಹೋದರು. ಆದರೆ ಅದು ವಿಮಾನದ ವಾಲುವಿಕೆ ತೋರಿಸುವ ಉಪಕರಣ ಮತ್ತು ಅದನ್ನು ನಂಬಿದ ಪೈಲಟನ ಕಥೆ. ಎಲ್ಲ ಅಪಘಾತವನ್ನೂ ತಪಾಸಣೆಯ ತಲೆಗೆ ಕಟ್ಟುವುದು ನ್ಯಾಯವಲ್ಲ.)

ನಿಯಂತ್ರಣದ ಅಂಗಗಳೆಂದರೆ ರೆಕ್ಕೆಯ ಹಿಂಬದಿಯ ಏಲರಾನ್, ಬಾಲದ ರಡರ್ ಮತ್ತು ಎಲಿವೇಟರ್ (ನಮ್ಮ ಕಟ್ಟಡದ ಲಿಫ್ಟಿಗೂ ಇದಕ್ಕೂ ಸಂಬಂಧವಿಲ್ಲ), ಇವುಗಳನ್ನು ಎಳೆಯುವ ತಂತಿ, ದಂಡ, ತಿರುಪು, ಈಚೆಗೆ ಇವೆಲ್ಲಕ್ಕೂ ಅಪ್ಪಣೆ ಕೊಡುವ ಕಂಪ್ಯೂಟರುಗಳು. ಇವುಗಳನ್ನು ಬಿಚ್ಚಿ ಜೋಡಿಸಿದಾಗ ವಿಮಾನಗಳ ಲೋಕದಲ್ಲಿ ಹಳೆಯದೊಂದು ಕಟ್ಟಳೆಯಿದೆ. ಕೆಲಸ ಮಾಡಿದವನು ನೋಡಿ ಸಹಿ ಹಾಕಿದರೆ ಸಾಲದು. ಆ ಕೆಲಸದಲ್ಲಿ ಕೈಯಿಡದ ಇನ್ನೊಬ್ಬ ಅರ್ಹನು ಮೊದಲಿನಿಂದ ಸ್ವತಂತ್ರವಾಗಿ ನೋಡಬೇಕು: ಸರಿಯಾಗಿ ಜೋಡಿಸಿದೆಯೇ, ನಟ್ಟಿಗೆ ಪಿನ್ನು ಬಿದ್ದಿದೆಯೇ, ಪೂರ್ತಿ ಚಲಿಸುತ್ತದೆಯೇ, ಚಲಿಸಬೇಕಾದ ದಿಕ್ಕಿಗೇ ಚಲಿಸುತ್ತದೆಯೇ. ಆಮೇಲೆ ಎರಡನೆಯ ಸಹಿ. ನಮ್ಮ ಸಾಂತಾಕ್ರೂಜ್, ಕಲೀನಾದ ಹ್ಯಾಂಗರುಗಳಲ್ಲಿ ಜೀವಮಾನ ಸವೆಸಿದವರಿಗೆ ಇದು 'ಡುಪ್ಲಿಕೇಟ್ ಇನ್ಸ್‌ಪೆಕ್ಷನ್' ಎಂದು ಗೊತ್ತು. ಪೇಟೆಯಲ್ಲಿ ಡುಪ್ಲಿಕೇಟ್ ಎಂದರೆ ನಕಲಿ ಮಾಲು. ಇಲ್ಲಿ ಅದರ ಅರ್ಥ ಇಮ್ಮಡಿ ಅಸಲು.

ಇಂಥ ಮರುನೋಟವನ್ನು ನಮ್ಮ ಜನ ಸುಲಭವಾಗಿ ಸಹಿಸುವುದಿಲ್ಲ. 'ಮೂವತ್ತು ವರ್ಷ ಕೆಲಸ ಮಾಡಿದವನು ನಾನು, ನನ್ನ ಮೇಲೆ ನಂಬಿಕೆಯಿಲ್ಲವೇ?' ಎಂಬ ಪ್ರಶ್ನೆ ಹ್ಯಾಂಗರಿನಲ್ಲೂ ಏಳುತ್ತದೆ, ಹೋಟೆಲಿನಲ್ಲೂ ಏಳುತ್ತದೆ. ಗಲ್ಲಾದಲ್ಲಿ ಸ್ವಂತ ಸೋದರಳಿಯನೇ ಕುಳಿತಿದ್ದರೂ ರಾತ್ರಿ ಬಾಗಿಲೆಳೆದ ಮೇಲೆ ಬಿಲ್ಲು ಕೂಡಿಸಿ ತಾಳೆ ನೋಡುವ ಧಣಿಯನ್ನು ಜಿಪುಣನೆನ್ನುವವರೂ ಇದ್ದಾರೆ. ಕೆನರಾ, ಸಿಂಡಿಕೇಟ್, ಕಾರ್ಪೊರೇಷನ್, ವಿಜಯಾ ಎಂದು ದಕ್ಷಿಣ ಕನ್ನಡದ ಬ್ಯಾಂಕುಗಳಲ್ಲಿ ದುಡಿದು ನಿವೃತ್ತರಾದವರಿಗೆ ಮಾತ್ರ ಇದನ್ನು ವಿವರಿಸಬೇಕಾಗಿಲ್ಲ. ತಿಜೋರಿಗೆ ಎರಡು ಬೀಗದಕೈ, ಇಬ್ಬರ ಬಳಿ ಒಂದೊಂದು. ಮ್ಯಾನೇಜರು ಸತ್ಯಹರಿಶ್ಚಂದ್ರನಾದರೂ ಒಬ್ಬನೇ ತೆರೆಯಲಾಗದು. ಅದರಿಂದ ಅವರಿಗೆಂದೂ ಅವಮಾನವಾದಂತೆ ಅನಿಸಲಿಲ್ಲ.

ಆದರೆ ಬೀಗದಕೈಗೂ ಸಹಿಗೂ ದೊಡ್ಡ ಅಂತರವಿದೆ. ಎರಡನೆಯ ಕೈ ತಿರುಗದೆ ತಿಜೋರಿ ತೆರೆಯುವುದೇ ಇಲ್ಲ. ಕಬ್ಬಿಣಕ್ಕೆ ದಾಕ್ಷಿಣ್ಯ ತಿಳಿಯದು. ಎರಡನೆಯವನು ನೋಡದೆಯೇ ಬರೆದ ಸಹಿಯನ್ನು ಕಾಗದ ಮಾತ್ರ ಮರುಮಾತಿಲ್ಲದೆ ಒಪ್ಪಿಕೊಳ್ಳುತ್ತದೆ. ಮೊದಲನೆಯವನು 'ಹೇಗೂ ಇನ್ನೊಬ್ಬ ನೋಡುತ್ತಾನೆ' ಎಂದುಕೊಂಡು, ಎರಡನೆಯವನು 'ಹೇಗೂ ಅವನು ನೋಡಿದ್ದಾನೆ' ಎಂದುಕೊಂಡರೆ, ಎರಡು ಸಹಿ ಬಿದ್ದಿರುತ್ತವೆ, ಒಂದು ಕಣ್ಣೂ ಬಿದ್ದಿರುವುದಿಲ್ಲ.

ಇಲ್ಲಿ ನಮ್ಮ ಹಳೆಯ ನ್ಯಾಯಶಾಸ್ತ್ರದವರನ್ನು ಕರೆಯದೆ ವಿಧಿಯಿಲ್ಲ. ಅವರು ತಿಳಿವಿಗೆ ನಾಲ್ಕು ಪ್ರಮಾಣಗಳನ್ನು ಹೇಳಿದರು: ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದ. ಶಬ್ದವೆಂದರೆ ಆಪ್ತನ ಮಾತು. ಆಪ್ತನೆಂದರೆ ಯಾರು? ನೆಂಟನಲ್ಲ, ಸ್ನೇಹಿತನಲ್ಲ. ವಿಷಯವನ್ನು ತಾನೇ ಸಾಕ್ಷಾತ್ತಾಗಿ ಕಂಡು, ಕಂಡದ್ದನ್ನು ಕಂಡಂತೆಯೇ ತಿಳಿಸುವ ಇಚ್ಛೆಯುಳ್ಳವನು ಎಂದು ನ್ಯಾಯಭಾಷ್ಯ ಬರೆದ ವಾತ್ಸ್ಯಾಯನ (ಕಾಮಸೂತ್ರದವನಲ್ಲ, ಇನ್ನೊಬ್ಬ) ಹೇಳುತ್ತಾನೆ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದೂ ಸೇರಿಸುತ್ತಾನೆ. ಈ ಲೆಕ್ಕದಲ್ಲಿ ಎಣ್ಣೆಗೈಯ ಮೆಕ್ಯಾನಿಕ್ಕನೂ ಆಪ್ತನೇ. ಪೈಲಟನಿಗೆ ಅವನ ಸಹಿ ಶಬ್ದಪ್ರಮಾಣ. ಆ ಶಬ್ದದ ಹಿಂದೆ ಯಾರದಾದರೂ ಪ್ರತ್ಯಕ್ಷ ಇರಲೇಬೇಕು. ಇಲ್ಲದಿದ್ದರೆ ಅದು ಬರಿಯ ಶಾಯಿ.

ಕನ್ನಡದಲ್ಲಿ ಒಂದು ವಿಚಿತ್ರವಾಗಿದೆ. ಶಾಸ್ತ್ರದ 'ಅನುಮಾನ' ಊಹೆಯಿಂದ ತೀರ್ಮಾನಕ್ಕೆ ಬರುವುದು. ನಮ್ಮ ಮನೆಮಾತಿನಲ್ಲಿ ಅನುಮಾನವೆಂದರೆ ಶಂಕೆ. ನೋಡದೆ ಸಹಿ ಹಾಕುವ ಎರಡನೆಯವನು ತನ್ನ ಗೆಳೆಯನ ಮೇಲೆ ಅನುಮಾನಪಡಬಾರದೆಂಬ ಸೌಜನ್ಯದಿಂದಲೇ ಹಾಗೆ ಮಾಡುತ್ತಾನೆ. ಹಾಗೆ ಮಾಡುವಾಗ ಶಾಸ್ತ್ರದ ಅನುಮಾನದೊಳಗೇ ಬಿದ್ದಿರುತ್ತಾನೆ: ಇವನು ಒಳ್ಳೆಯ ಕೆಲಸಗಾರ, ಒಳ್ಳೆಯ ಕೆಲಸಗಾರ ಬಿಗಿದ ನಟ್ಟು ಬಿಗಿಯಾಗಿರುತ್ತದೆ, ಆದ್ದರಿಂದ ಇದು ಬಿಗಿಯಾಗಿದೆ. ಅವನನ್ನು ಕೇಳಿದ್ದು ಗೆಳೆಯನ ನಡತೆಯ ಬಗ್ಗೆಯಲ್ಲ, ನಟ್ಟಿನ ಬಗ್ಗೆ. ಮರುನೋಟ ಮನುಷ್ಯನ ಮೇಲಿನ ಅಪನಂಬಿಕೆಯಲ್ಲ ಎಂದು ನಾವು ಹೇಳುವುದು ಈ ಕಾರಣಕ್ಕೆ. ಅಲ್ಲಿ ಮನುಷ್ಯನ ಮಾತೇ ಇಲ್ಲ.

ನೋಡಿದವನ ಕಣ್ಣೂ ಕೆಲವೊಮ್ಮೆ ಬೇಕಾದದ್ದನ್ನೇ ನೋಡುತ್ತದೆ ಎಂಬುದು ಇನ್ನೂ ಕಷ್ಟದ ಸಂಗತಿ. ಇದಕ್ಕೆ ಉದಾಹರಣೆಯಾಗಿ ನಾವು ದೂರದ ಒಂದು ಪ್ರಕರಣವನ್ನು ತೆಗೆದುಕೊಳ್ಳುತ್ತೇವೆ. ಅಮೆರಿಕದ ಅಲಾಸ್ಕಾ ಏರ್‌ಲೈನ್ಸಿನ ಎಂಡಿ-83 ವಿಮಾನವೊಂದರ ಬಾಲದ ಅಡ್ಡರೆಕ್ಕೆಯನ್ನು ಮೇಲೆ ಕೆಳಗೆ ಮಾಡುವ ಒಂದು ಉದ್ದ ತಿರುಪು ಇತ್ತು. ಅದು ಒಂದು ನಟ್ಟಿನೊಳಗೆ ತಿರುಗುತ್ತದೆ. ನಟ್ಟಿನ ಹಲ್ಲು ಸವೆದಷ್ಟೂ ಅಲುಗಾಟ ಹೆಚ್ಚು. ಆ ಅಲುಗಾಟಕ್ಕೆ ಮಿತಿ 0.040 ಅಂಗುಲ. 1997ರ ಸೆಪ್ಟೆಂಬರಿನ ತಪಾಸಣೆಯಲ್ಲಿ ಅಳತೆ ಸರಿಯಾಗಿ ಮಿತಿಯ ಮೇಲೆಯೇ ಬಂತು. ಅಳೆದ ಪಾಳಿಯವರು ಭಾಗ ಬದಲಿಸಬೇಕೆಂದು ಬರೆದರು. ಮುಂದಿನ ಪಾಳಿಯವರು ಮತ್ತೆ ಅಳೆದರು, ಹಲವು ಸಲ ಅಳೆದರು, 0.033 ಬಂತು. ವಿಮಾನ ಹೊರಟಿತು. ಎರಡು ಅಳತೆಗಳ ಅಂತರ ಒಂದು ಮಿಲಿಮೀಟರಿನ ಐದನೆಯ ಒಂದು ಪಾಲಿಗೂ ಕಡಿಮೆ. 2000ದ ಜನವರಿ 31ರಂದು ಕ್ಯಾಲಿಫೋರ್ನಿಯಾದ ಕರಾವಳಿಯಾಚೆ ಆ ನಟ್ಟಿನ ಹಲ್ಲು ಪೂರ್ತಿ ಸವೆದು ಕಿತ್ತುಹೋಗಿ ವಿಮಾನ ಕಡಲಿಗೆ ಬಿತ್ತು. 88 ಮಂದಿ ಸತ್ತರು.

ತನಿಖೆ ಮಾಡಿದವರು ಮೂಲ ಕಾರಣವೆಂದು ಹೇಳಿದ್ದು ಸರಿಯಾಗಿ ಗ್ರೀಸ್ ಹಚ್ಚದೆ ಹಲ್ಲು ಅತಿಯಾಗಿ ಸವೆದದ್ದನ್ನು. ಗ್ರೀಸ್ ಹಚ್ಚುವ ಮತ್ತು ಅಲುಗಾಟ ಅಳೆಯುವ ಅವಧಿಗಳನ್ನು ಕಂಪನಿ ವರ್ಷದಿಂದ ವರ್ಷಕ್ಕೆ ದೂರ ದೂರ ಸರಿಸುತ್ತ ಹೋಗಿತ್ತು, ಸರಕಾರದ ಒಪ್ಪಿಗೆಯಿಂದಲೇ. ಹಾಗಾಗಿ ಎರಡನೆಯ ಪಾಳಿಯವರನ್ನು ಕೊಲೆಗಾರರೆನ್ನುವಂತಿಲ್ಲ. ಅವರು ಸುಳ್ಳು ಬರೆದರೆಂದೂ ಅಲ್ಲ. ಮತ್ತೆ ಅಳೆಯುವುದು ತಪ್ಪೇ? ಅದೇ ತಾನೇ ಮರುನೋಟ! ಆದರೆ ಬೇಡವಾದ ಉತ್ತರ ಬಂದಾಗ ಮಾತ್ರ ಮತ್ತೆ ಅಳೆದು, ಬೇಕಾದ ಉತ್ತರ ಬಂದ ಕ್ಷಣ ನಿಲ್ಲಿಸುವುದು ಮರುನೋಟವೆನಿಸುವುದಿಲ್ಲ. ಮೊದಲೇ 0.033 ಬಂದಿದ್ದರೆ ಐದು ಸಲ ಅಳೆಯುವ ಶ್ರದ್ಧೆ ಯಾರಿಗೂ ಮೂಡುತ್ತಿರಲಿಲ್ಲ ಎಂದು ನಮಗನಿಸುತ್ತದೆ. ದುರಂತ ನಡೆದು ಎರಡು ವಾರ ತುಂಬುವ ಮೊದಲೇ ಆ ಜಾತಿಯ ಎಲ್ಲ ವಿಮಾನಗಳ ತಿರುಪನ್ನೂ ನೋಡಬೇಕೆಂಬ ಆಜ್ಞೆ ಹೊರಟಿತು.

ಆಜ್ಞೆ ಬಂದ ಮೇಲೆ ನೋಡುವುದರಲ್ಲಿ ಏನು ಪುಣ್ಯ ಎಂದು ಕೇಳುವವರಿದ್ದಾರೆ. ಭಯದಿಂದ ಮಾಡಿದ್ದು ಧರ್ಮವಲ್ಲ, ಮನಸ್ಸಿನಿಂದ ಮಾಡಿದ್ದೇ ಧರ್ಮ. ಕಡ್ಡಾಯವೆಂದೊಡನೆ ಮನುಷ್ಯ ಯಂತ್ರವಾಗುತ್ತಾನೆ, ಟಿಕ್ ಹಾಕಿ ಮುಂದೆ ಹೋಗುತ್ತಾನೆ ಎಂಬುದು ಅವರ ವಾದ. ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಡೊಂಬಿವಲಿಯಲ್ಲೋ ಮೀರಾ ರೋಡಿನಲ್ಲೋ ಸಾಲದ ಮೇಲೆ ಎರಡು ಕೋಣೆಯ ಮನೆ ಮಾಡಿ, ಕೊನೆಯ ಲೋಕಲ್ ಹಿಡಿದು ರಾತ್ರಿ ಪಾಳಿಗೆ ಬರುವ ಒಬ್ಬ ಪರೀಕ್ಷಕನ ಜಾಗದಲ್ಲಿ ನಿಂತು ನೋಡೋಣ. ಬೆಳಗಿನ ಐದಕ್ಕೆ ವಿಮಾನ ಹೊರಡಬೇಕು. ಮೇಲಿನವರು ಎರಡು ಸಲ ಫೋನು ಮಾಡಿದ್ದಾರೆ. 'ನನಗೇಕೋ ಸಮಾಧಾನವಿಲ್ಲ' ಎಂದು ಅವನು ತನ್ನ ಹೆಸರಿನಲ್ಲಿ ತಡೆಯಬೇಕಾದರೆ ವೀರನೇ ಆಗಬೇಕು. 'ನಿಯಮ ಹೀಗಿದೆ ಸಾರ್' ಎಂದು ಹೇಳಲು ವೀರತನ ಬೇಡ. ಕಡ್ಡಾಯವೆಂಬುದು ಸೋಮಾರಿಯ ಬೆನ್ನಿಗೆ ಚಾಟಿಯೆಂದು ನಾವೆಲ್ಲ ಎಣಿಸುತ್ತೇವೆ. ಪ್ರಾಮಾಣಿಕನ ತಲೆಯ ಮೇಲೆ ಅದು ಕೊಡೆಯೂ ಹೌದು.

ಆ ಕೊಡೆಯಿಲ್ಲದಿದ್ದಾಗ ಏನಾಗುತ್ತದೆ? ನಿಯಂತ್ರಣದ ಅಂಗವಲ್ಲದಿದ್ದರೂ ಹತ್ತಿರದ ಒಂದು ನಿದರ್ಶನವಿದೆ. ಎಂಜಿನಿಗೆ ಇಂಧನ ಬಿಡುವ ಸ್ವಿಚ್ಚುಗಳ ಬೀಗದ ಬಗ್ಗೆ ಅಮೆರಿಕದ ವಿಮಾನಯಾನ ಇಲಾಖೆ 2018ರ ಡಿಸೆಂಬರಿನಲ್ಲಿ ಒಂದು ಸೂಚನೆ ಹೊರಡಿಸಿತು. ಅದು ಆಜ್ಞೆಯಲ್ಲ, ಸಲಹೆ. 2025ರ ಜೂನ್ 12ರಂದು ಅಹಮದಾಬಾದಿನಲ್ಲಿ ಏರ್ ಇಂಡಿಯಾ ವಿಮಾನ ಬಿದ್ದು 260 ಜೀವ ಹೋದ ಬಳಿಕ ಬಂದ ಪ್ರಾಥಮಿಕ ವರದಿಯಲ್ಲಿ, ಆ ತಪಾಸಣೆ ಕಡ್ಡಾಯವಲ್ಲದ್ದರಿಂದ ನಡೆದಿರಲಿಲ್ಲ ಎಂಬ ಒಂದು ಸಾಲಿತ್ತು. (ಆ ವಿಮಾನದ ಸಂಖ್ಯೆ 171. ನಾವು ಮೊದಲು ಹೇಳಿದ 1976ರ ವಿಮಾನದ ಸಂಖ್ಯೆಯೂ ಅದೇ, ಕಾಕತಾಳೀಯ, ಅಷ್ಟೆ.) ಸ್ವಿಚ್ಚಿನ ಬೀಗವೇ ಕಾರಣವೆಂದು ಆ ವರದಿ ಹೇಳಿಲ್ಲ, ನಾವೂ ಹೇಳಬಾರದು. ಜುಲೈಯಲ್ಲಿ ನಮ್ಮ ಡಿಜಿಸಿಎ ತಪಾಸಣೆಗೆ ಆಜ್ಞೆ ಮಾಡಿದ ಮೇಲೆ ಕಂಪನಿ ತನ್ನ ವಿಮಾನಗಳನ್ನೆಲ್ಲ ನೋಡಿ, ದೋಷವಿಲ್ಲವೆಂದು ತಿಳಿಸಿತು. ನಮ್ಮನ್ನು ಕಾಡುವುದು ಬೇರೆ: ಆರೂವರೆ ವರ್ಷ ಯಾರ ಕಣ್ಣಿಗೂ ಬೇಡವಾಗಿದ್ದ ನೋಟ, 'ಕಡ್ಡಾಯ' ಎಂಬ ಮೂರಕ್ಷರ ಸೇರಿದೊಡನೆ ಒಂದು ವಾರದಲ್ಲಿ ಸಾಧ್ಯವಾಯಿತು.

ಅದೇ 2025ರ ನವೆಂಬರ್ ಕೊನೆಗೆ ಇನ್ನೊಂದು ಆಜ್ಞೆ ಬಂತು, ಈ ಸಲ ನೇರವಾಗಿ ನಿಯಂತ್ರಣದ ಅಂಗಕ್ಕೇ. ಅಕ್ಟೋಬರ್ 30ರಂದು ಅಮೆರಿಕದ ಕಂಪನಿಯೊಂದರ ಏರ್‌ಬಸ್ ಎ320 ಆಕಾಶದಲ್ಲಿ ಯಾರೂ ಹೇಳದೆ ಮೂಗು ಕೆಳಗೆ ಮಾಡಿತ್ತು. ಎಲಿವೇಟರ್ ಮತ್ತು ಏಲರಾನನ್ನು ಆಳುವ ಕಂಪ್ಯೂಟರಿನ ಲೆಕ್ಕವನ್ನು ಸೂರ್ಯನ ತೀವ್ರ ವಿಕಿರಣ ಕೆಡಿಸಬಹುದೆಂದು ಕಂಪನಿ ಕಂಡುಕೊಂಡಿತು. ಜಗತ್ತಿನ ಸುಮಾರು 6,000 ವಿಮಾನಗಳು, ನಮ್ಮ ದೇಶದ ಮುನ್ನೂರಕ್ಕೂ ಮಿಕ್ಕಿ ವಿಮಾನಗಳು, ಸರಿಪಡಿಸದೆ ಮತ್ತೆ ಪ್ರಯಾಣಿಕರನ್ನು ಹೊತ್ತು ಹಾರುವಂತಿರಲಿಲ್ಲ. ನಮ್ಮ ಎಂಜಿನಿಯರುಗಳು ಹಗಲಿರುಳು ಕೂತು ಒಂದೆರಡು ದಿನದಲ್ಲೇ ಬಹುಪಾಲು ಮುಗಿಸಿದರು. ಆ ದಿನಗಳಲ್ಲಿ ಮುಂಬಯಿ ನಿಲ್ದಾಣದಲ್ಲೂ ವಿಮಾನಗಳು ತಡವಾದವು.

ಈ ತಡ ಎಂಬ ಮಾತಿನಲ್ಲಿ ನಮ್ಮ ಪಾಲೂ ಇದೆ. ವಿಮಾನ ಒಂದು ಗಂಟೆ ನಿಂತರೆ ಕೌಂಟರಿನ ಹುಡುಗಿಯ ಮೇಲೆ ಕೂಗಾಡುವವರು ಯಾರು? ಮುಹೂರ್ತ ತಪ್ಪುತ್ತದೆ, ಮೀಟಿಂಗು ತಪ್ಪುತ್ತದೆ, ಸಂಕಟ ನಿಜವೇ. ಆದರೆ ಆ ಕೂಗು ಕೌಂಟರಿನಲ್ಲಿ ನಿಲ್ಲುವುದಿಲ್ಲ. ಮೆಟ್ಟಿಲು ಮೆಟ್ಟಿಲಾಗಿ ಇಳಿದು, ಫೋನಿನ ದನಿಯಾಗಿ, ಕೊನೆಗೆ ಟಾರ್ಚು ಹಿಡಿದವನ ಕಿವಿಗೇ ಬೀಳುತ್ತದೆ. ಅಳತೆ ಇನ್ನೊಮ್ಮೆ ನೋಡೋಣವೇ ಎಂದು ಅವನಿಗೆ ಅನಿಸುವುದು ಆ ಹೊತ್ತಿನಲ್ಲಿಯೇ. ತಡಕ್ಕೆ ಕಾರಣ ಕೇಳುವ ಹಕ್ಕು ನಮಗಿದೆ. ಕಾರಣ ತಪಾಸಣೆಯೆಂದು ತಿಳಿದ ಮೇಲೂ ಕೂಗುವವನು ಯಾರ ಕೈಯಲ್ಲಿ ಏನನ್ನು ಸಹಿ ಮಾಡಿಸುತ್ತಿದ್ದಾನೆ?

ಇಷ್ಟೆಲ್ಲ ಸಹಿಗಳಾದ ಮೇಲೂ ಕೊನೆಯ ನೋಟವೊಂದು ಪೈಲಟನಿಗೆ ಉಳಿದಿರುತ್ತದೆ. ಹೊರಡುವ ಮುನ್ನ ಅವನು ಕೋಲನ್ನು ಎಡಕ್ಕೆ ಬಲಕ್ಕೆ ಪೂರ್ತಿ ಹೊರಳಿಸಿ ನೋಡಬೇಕು. 2001ರ ಮಾರ್ಚ್ 20ರಂದು ಫ್ರಾಂಕ್‌ಫರ್ಟಿನಲ್ಲಿ ಲುಫ್ತಾನ್ಸಾದ ಎ320 ಒಂದರ ನಿಯಂತ್ರಣದ ತಂತಿಗಳು ದುರಸ್ತಿಯಲ್ಲಿ ಅದಲುಬದಲಾಗಿದ್ದವು. ಕ್ಯಾಪ್ಟನ್ ಎಡಕ್ಕೆ ಒತ್ತಿದರೆ ವಿಮಾನ ಬಲಕ್ಕೆ ವಾಲುತ್ತಿತ್ತು. ದುರಸ್ತಿಯ ಮೇಲೆ ಪರೀಕ್ಷೆ ನಡೆದಿತ್ತು, ಸಹಪೈಲಟನ ಕೋಲಿನಿಂದ. ಪೈಲಟರೂ ಹೊರಡುವ ಮುನ್ನ ಪರೀಕ್ಷಿಸಿದ್ದರು. ಹೊರಳಿದ್ದು ಕಂಡಿತು, ಯಾವ ಕಡೆಗೆಂಬುದು ಕಾಣಲಿಲ್ಲ. ನೆಲ ಬಿಟ್ಟೊಡನೆ ರೆಕ್ಕೆ ನೆಲಕ್ಕೆ ತಾಗುವಷ್ಟು ವಾಲಿದಾಗ ಸಹಪೈಲಟ್ ತನ್ನ ಕೋಲಿನಿಂದ ಹಿಡಿದು ನಿಲ್ಲಿಸಿದ್ದರಿಂದ ಎಲ್ಲರೂ ಉಳಿದರು. ಮುಂದಿನ ಸಲ ಊರಿಗೆ ಹೋಗುವಾಗ ರೆಕ್ಕೆಯ ಹಿಂದಿನ ಕಿಟಕಿಯ ಸೀಟು ಸಿಕ್ಕಿದರೆ ಓದುಗರು ಹೊರಗೆ ನೋಡಬಹುದು. ರನ್‌ವೇ ಸೇರುವ ಮೊದಲು, ತುದಿಯ ಹತ್ತಿರ ಒಂದು ಸಣ್ಣ ಹಲಗೆ ನಿಧಾನವಾಗಿ ಮೇಲೇಳುತ್ತದೆ, ಕೆಳಗಿಳಿಯುತ್ತದೆ.